ಗ್ಯಾರೇಜಿಗೆ ಹೊಸ ತಂತಿ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಮನೆಗಳಲ್ಲಿ ಸುರಕ್ಷಿತ ವಿದ್ಯುತ್ ಜೋಡಣೆ

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯ ವಸತಿ ಸೊಸೈಟಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ನೋಟ ಸಾಮಾನ್ಯವಾಗಿದೆ. ಎರಡನೆಯದೋ ಮೂರನೆಯದೋ ಮಹಡಿಯ ಕಿಟಕಿಯಿಂದ ತೆಳುವಾದ ವೈರೊಂದು ಗೋಡೆಯಗುಂಟ ಇಳಿದು, ಕೆಳಗೆ ಕಂಬಗಳ ನಡುವೆ ನಿಲ್ಲಿಸಿದ ವಿದ್ಯುತ್ ಸ್ಕೂಟರನ್ನು ಸೇರುತ್ತದೆ. ರಾತ್ರಿಯಿಡೀ ಅಲ್ಲಿ ತೂಗಾಡಿದ ಆ ವೈರನ್ನು ಬೆಳಗಾದೊಡನೆ ಸುತ್ತಿ ಒಳಗೆಳೆದುಕೊಳ್ಳುತ್ತಾರೆ. ಹೀಗೆ ಮಾಡುವವರೆಲ್ಲರೂ ಅಜಾಗರೂಕರೆಂದು ಹೇಳಲಾಗದು. ಕೆಳಗೆ ಬೇರೆ ಅನುಕೂಲವೇ ಇಲ್ಲದಿರುವಾಗ ಮನುಷ್ಯನು ತನಗೆ ತೋಚಿದ ದಾರಿಯನ್ನು ಹಿಡಿಯುತ್ತಾನೆ. ಆದರೆ ಈ ದಾರಿಯಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ಹೆಚ್ಚಿನವರು ತಪ್ಪಾಗಿ ಊಹಿಸುತ್ತಾರೆ. ಸ್ಕೂಟರಿನ ಚಾರ್ಜರು ಸೆಳೆಯುವ ಪ್ರವಾಹ ಸಾಮಾನ್ಯವಾಗಿ 3ರಿಂದ 4 ಆಂಪಿಯರ್ ಮಾತ್ರ. ಅಷ್ಟಕ್ಕೆ ವೈರು ಕಾದು ಉರಿಯುವುದು ಅಪರೂಪ. ನಿಜವಾದ ಭಯವು ಆ ವೈರಿನಲ್ಲಿ ಇಲ್ಲದಿರುವ ಮೂರನೆಯ ಎಳೆಯಲ್ಲಿ, ಅಂದರೆ ಭೂಸಂಪರ್ಕದಲ್ಲಿ ಇದೆ. ಮಳೆಗಾಲದ ತೇವ, ಕಿಟಕಿಯ ಕಬ್ಬಿಣದ ಚೌಕಟ್ಟಿಗೆ ಉಜ್ಜಿ ಸವೆದ ಹೊದಿಕೆ, ಪಟ್ಟಿ ಸುತ್ತಿದ ಕೂಡುಗಂಟು ಇವು ಅದರೊಡನೆ ಸೇರಿದಾಗ ವಾಹನದ ಲೋಹದ ಮೈಯೇ ಜೀವಂತ ತಂತಿಯಾಗಬಲ್ಲದು.

ಆದುದರಿಂದ ವಾಹನ ನಿಲ್ಲಿಸುವ ಸ್ಥಳಕ್ಕೆ ತನ್ನದೇ ಆದ, ಯೋಜಿತವಾದ ವಿದ್ಯುತ್ ಮಾರ್ಗವಿರಬೇಕು. ಕಟ್ಟಡ ಕಟ್ಟಿದ ಕಾಲದಲ್ಲಿ ಒಂದು ಬಲ್ಬಿಗೆಂದು ಎಳೆದಿದ್ದ ತಂತಿಯ ಮೇಲೆ ಇಂದು ಸ್ಕೂಟರು, ಕಾರು, ಡ್ರಿಲ್ಲಿಂಗ್ ಯಂತ್ರ, ಇನ್ವರ್ಟರುಗಳ ಭಾರವನ್ನು ಹೇರುವುದು ಸಲ್ಲದು.

ಜಾಗ ಯಾರದು?

ತಂತಿ ಎಳೆಯುವ ಮೊದಲು ಕೇಳಬೇಕಾದ ಪ್ರಶ್ನೆ ವಿದ್ಯುತ್ತಿಗೆ ಸಂಬಂಧಿಸಿದ್ದಲ್ಲ. ನವಿಮುಂಬಯಿಯ ರೋ ಹೌಸುಗಳಲ್ಲಿ, ಡೊಂಬಿವಲಿಯ ಎಂ.ಐ.ಡಿ.ಸಿ. ವಸತಿ ವಿಭಾಗದ ಬಂಗಲೆಗಳಲ್ಲಿ ಗ್ಯಾರೇಜು ಮನೆಯೊಡೆಯನದೇ ಆಗಿರುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ಮಾತ್ರ, ಜನ ಗ್ಯಾರೇಜ್ ಎಂದು ಕರೆಯುವುದು ಬಹುತೇಕ ಸ್ಟಿಲ್ಟ್ ಪಾರ್ಕಿಂಗ್, ಎಂದರೆ ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ತೆರವು. 2010ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ದಹಿಸರದ ಸಹಕಾರಿ ಸೊಸೈಟಿಯೊಂದರ ಪ್ರಕರಣದಲ್ಲಿ, ಮಹಾರಾಷ್ಟ್ರದ 1963ರ ಕಾಯಿದೆಯಂತೆ ಇಂಥ ತೆರವು ಗ್ಯಾರೇಜು ಅಲ್ಲವೆಂದೂ ಅದು ಎಲ್ಲರಿಗೂ ಸೇರಿದ ಸಾಮಾನ್ಯ ಭಾಗವೆಂದೂ ತೀರ್ಪಿತ್ತಿತು. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯೂ ಛಾವಣಿ ಮತ್ತು ಮೂರು ಬದಿಗಳಲ್ಲಿ ಗೋಡೆ ಉಳ್ಳ ಜಾಗಕ್ಕೆ ಮಾತ್ರ ಗ್ಯಾರೇಜ್ ಎಂಬ ಹೆಸರನ್ನು ಕೊಡುತ್ತದೆ.

ಇದರ ವ್ಯಾವಹಾರಿಕ ಅರ್ಥವೇನೆಂದರೆ, ಸ್ಟಿಲ್ಟಿನ ಕಂಬಕ್ಕೆ ಸಾಕೆಟ್ ಜಡಿಯಲು, ಮೀಟರ್ ಕೋಣೆಯಿಂದ ಪೈಪು ಹಾಯಿಸಲು ಸೊಸೈಟಿಯ ಲಿಖಿತ ಒಪ್ಪಿಗೆ ಬೇಕು. ಇದನ್ನು ಬರಿಯ ಕಾಗದಪತ್ರದ ತೊಡಕೆಂದು ಎಣಿಸಬಾರದು. ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಪೈಪು ಎಳೆದರೆ ಮೂರೇ ವರ್ಷಗಳಲ್ಲಿ ಯಾವ ತಂತಿ ಯಾರ ಮೀಟರಿನದೆಂದು ಯಾರಿಗೂ ತಿಳಿಯದಂತಾಗುತ್ತದೆ. ಅಪಘಾತವಾದ ಕ್ಷಣದಲ್ಲಿ ಯಾವ ಸ್ವಿಚ್ಚನ್ನು ಆರಿಸಬೇಕೆಂಬುದೇ ಆಗ ಗೊತ್ತಾಗದು. ಐದಾರು ಸದಸ್ಯರಿಗೆ ಚಾರ್ಜಿಂಗ್ ಬೇಕಾಗಿರುವಲ್ಲಿ ಸೊಸೈಟಿಯೇ ಒಂದು ಸಾಮಾನ್ಯ ಮಾರ್ಗವನ್ನು ಯೋಜಿಸಿ, ಪ್ರತಿಯೊಬ್ಬರಿಗೂ ಉಪಮೀಟರು ಕೊಡುವುದು ಮೇಲು.

ಮೊದಲು ಕಾಗದದ ಮೇಲೆ

ನೆರೂಳದ ಒಂದು ರೋ ಹೌಸಿನ ಗ್ಯಾರೇಜನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ 20 ವಾಟಿನ ಎರಡು ಎಲ್.ಇ.ಡಿ. ದೀಪಗಳು, 600 ವಾಟಿನ ಡ್ರಿಲ್ಲಿಂಗ್ ಯಂತ್ರ, 800 ವಾಟಿನ ಸ್ಕೂಟರ್ ಚಾರ್ಜರು ಮತ್ತು ಮುಂದೆಂದಾದರೂ ಕೊಳ್ಳಲಿರುವ ವಿದ್ಯುತ್ ಕಾರಿಗೆ 3,300 ವಾಟ್ ಬೇಕೆಂದಿಟ್ಟುಕೊಂಡರೆ ಒಟ್ಟು 4,740 ವಾಟ್ ಆಗುತ್ತದೆ. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 20.6 ಆಂಪಿಯರ್. ಎಲ್ಲವೂ ಒಟ್ಟಿಗೆ ನಡೆಯುವುದಿಲ್ಲವೆಂಬುದು ನಿಜ. ಆದರೂ ಗ್ಯಾರೇಜಿಗೆ ಬರುವ ಮುಖ್ಯ ತಂತಿಯನ್ನು ಈ ಲೆಕ್ಕಕ್ಕೆ ಅನುಗುಣವಾಗಿಯೇ ಆರಿಸತಕ್ಕದ್ದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆ, ಗೀಸರು ಇಪ್ಪತ್ತು ನಿಮಿಷ ನಡೆದು ನಿಲ್ಲುತ್ತದೆ. ಕಾಯ್ದ ತಂತಿ ಅಷ್ಟರಲ್ಲಿ ತಣಿಯುತ್ತದೆ. ಕಾರಿನ ಚಾರ್ಜರು ಎಂಟು ಹತ್ತು ಗಂಟೆಗಳ ಕಾಲ ಬಿಡುವಿಲ್ಲದೆ 14-15 ಆಂಪಿಯರ್ ಸೆಳೆಯುತ್ತದೆ. 16 ಆಂಪಿಯರೆಂದು ಬರೆದಿರುವ ಅಗ್ಗದ ಸಾಕೆಟ್ಟು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದು ಕಷ್ಟ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ವಾಸನೆ ಬರುವುದು ಇದರ ಮೊದಲ ಸೂಚನೆ. ಕಾರಿಗಾಗಿ ಕಾರ್ಖಾನೆ ಮಾದರಿಯ ಸಾಕೆಟ್ಟನ್ನು ಇಲ್ಲವೆ ತಯಾರಕರೇ ಕೊಡುವ ಗೋಡೆಯ ಚಾರ್ಜರನ್ನು ಪ್ರತ್ಯೇಕ ಮಾರ್ಗದಲ್ಲಿ ಹಾಕಿಸುವುದು ಒಳಿತು.

ಅನಂತರ ವಿದ್ಯುತ್ ಬಿಲ್ಲನ್ನು ತೆಗೆದು ಮಂಜೂರಾದ ಲೋಡು ಎಷ್ಟೆಂದು ನೋಡಬೇಕು. ರಾತ್ರಿ ಕಾರು ಚಾರ್ಜಾಗುವ ಹೊತ್ತಿಗೇ ಮನೆಯಲ್ಲಿ ಹವಾನಿಯಂತ್ರಕವೂ ನಡೆಯುತ್ತದೆ. ಎರಡನ್ನೂ ಕೂಡಿಸಿದ ಮೊತ್ತ ಮಂಜೂರಾತಿಯನ್ನು ಮೀರುವುದಾದರೆ ವಿತರಣಾ ಕಂಪನಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಹಿಂದಿನ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯು 2005ರಲ್ಲಿ ವಿಭಜನೆಗೊಂಡ ತರುವಾಯ ಈ ನಗರಗಳ ಬಹುಭಾಗಕ್ಕೆ ಮಹಾವಿತರಣವೇ ವಿದ್ಯುತ್ ಒದಗಿಸುತ್ತದೆ. ಮುಂಬ್ರಾ, ಕಳವಾ, ಶೀಳ್ ಭಾಗದಲ್ಲಿ 2020ರ ಮಾರ್ಚಿನಿಂದ ಟೊರೆಂಟ್ ಪವರ್ ಸಂಸ್ಥೆ ವಿತರಣೆಯನ್ನು ನೋಡಿಕೊಳ್ಳುತ್ತಿದೆ.

ತಂತಿಯ ದಪ್ಪ ಮತ್ತು ಕೂಡುಗಂಟು

ಮೀಟರ್ ಕೋಣೆಯಿಂದ ವಾಹನದ ಜಾಗಕ್ಕೆ 40 ಮೀಟರ್ ದೂರವಿದೆಯೆಂದು ಭಾವಿಸಿದರೆ, ಪ್ರವಾಹವು ಹೋಗಿ ಬರುವ ದಾರಿ 80 ಮೀಟರ್. 2.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ರೋಧವಿರುತ್ತದೆ. 80 ಮೀಟರಿಗೆ 0.59 ಓಮ್. 15 ಆಂಪಿಯರ್ ಹರಿದಾಗ ಸುಮಾರು 9 ವೋಲ್ಟ್ ದಾರಿಯಲ್ಲಿಯೇ ನಷ್ಟವಾಗುತ್ತದೆ, 133 ವಾಟ್ ಶಾಖವಾಗಿ ಹೋಗುತ್ತದೆ. ತಂತಿ ಕಾದಂತೆ ಈ ನಷ್ಟ ಇನ್ನೂ ಏರುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಇದೇ ನಷ್ಟ ಐದೂವರೆ ವೋಲ್ಟಿಗೆ, 83 ವಾಟಿಗೆ ಇಳಿಯುತ್ತದೆ. ಭಾರತೀಯ ಮಾನಕ 732 ದೀಪಗಳ ಹೊರತಾದ ಉಪಯೋಗಗಳಿಗೆ ನೂರಕ್ಕೆ 5, ಅಂದರೆ 11.5 ವೋಲ್ಟ್ ತನಕ ಇಳಿತವನ್ನು ಒಪ್ಪುತ್ತದೆ. 2.5ರ ತಂತಿ ಹೇಗೋ ಈ ಮಿತಿಯೊಳಗೆ ನಿಂತೀತು. ಆದರೆ ಮೀಟರಿನ ತನಕ ಬರುವಾಗಲೂ ಸ್ವಲ್ಪ ಇಳಿತವಾಗಿರುತ್ತದೆ, ಮೀಟರ್ ಕೋಣೆ ದೂರವಿದ್ದಷ್ಟೂ ಅದು ಬೆಳೆಯುತ್ತದೆ. ತಂತಿಯ ಬೆಲೆಯಲ್ಲಿ ಉಳಿಸಿದ ಹಣ ಮುಂದೆ ಪ್ರತಿ ರಾತ್ರಿಯೂ ಶಾಖವಾಗಿ ಸೋರಿಹೋಗುವುದರಿಂದ ಕಾರಿನ ಮಾರ್ಗಕ್ಕೆ 4 ಚದರ ಮಿ.ಮೀ. ತಾಮ್ರವೇ ಯುಕ್ತ.

ಆದರೆ ಈ 133 ವಾಟ್ ಶಾಖವು ಇಡೀ ತಂತಿಯುದ್ದಕ್ಕೆ ಹಂಚಿಹೋಗಿರುತ್ತದೆ. ಬೆಂಕಿ ಹುಟ್ಟುವುದು ಹೆಚ್ಚಾಗಿ ಕೂಡುಗಂಟಿನಲ್ಲಿ. ಸಡಿಲವಾದ ಒಂದು ತಿರುಪಿನಡಿ 0.2 ಓಮ್ ರೋಧ ಹುಟ್ಟಿದರೆ ಸಾಕು, 15 ಆಂಪಿಯರಿಗೆ ಅಲ್ಲಿ 45 ವಾಟ್ ಶಾಖ ಬಿಡುಗಡೆಯಾಗುತ್ತದೆ. ಅದು ರೇಡಿಯೊ ರಿಪೇರಿಯವರು ಬೆಸುಗೆ ಹಾಕುವ ಕಡ್ಡಿಯ ಶಾಖಕ್ಕೆ ಸಮಾನ. ಅದೂ ಕಡಲೆಕಾಳಿನಷ್ಟು ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ರಾತ್ರಿಯಿಡೀ. ಹೀಗಾಗಿ ಮೀಟರಿನಿಂದ ಗ್ಯಾರೇಜಿನವರೆಗೆ ನಡುವೆ ಎಲ್ಲಿಯೂ ಗಂಟಿಲ್ಲದಂತೆ ಒಂದೇ ತಂತಿ ಹಾಯಿಸಬೇಕು.

1970 ಮತ್ತು 80ರ ದಶಕಗಳಲ್ಲಿ ಕಟ್ಟಿದ ಅನೇಕ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿ ಉಂಟು. ಅದು ಒತ್ತಡದಲ್ಲಿ ನಿಧಾನವಾಗಿ ಸರಿದು ತಿರುಪನ್ನು ಸಡಿಲಗೊಳಿಸುತ್ತದೆ. ತಾಮ್ರದೊಡನೆ ನೇರವಾಗಿ ಹೆಣೆದರೆ ತೇವದಲ್ಲಿ ಕೊರೆದುಹೋಗುತ್ತದೆ. ಹಳೆಯ ಅಲ್ಯೂಮಿನಿಯಂ ತಂತಿಯ ತುದಿಗೆ ಹೊಸ ತಾಮ್ರವನ್ನು ಸುತ್ತಿ ಟೇಪು ಹಚ್ಚುವ ಪದ್ಧತಿಯನ್ನು ಬಿಟ್ಟೇಬಿಡಬೇಕು. ಇಂಥಲ್ಲಿ ಹಳೆಯದನ್ನು ಪೂರ್ತಿಯಾಗಿ ಕೈಬಿಟ್ಟು ಮೀಟರ್ ಫಲಕದಿಂದಲೇ ಹೊಸ ಮಾರ್ಗವನ್ನು ಆರಂಭಿಸುವುದೊಂದೇ ದಾರಿ. ತಂತಿಯನ್ನು ಗಟ್ಟಿ ಪೈಪಿನಲ್ಲಿಯೇ ಹಾಯಿಸಬೇಕು. ಸ್ಟಿಲ್ಟಿನ ಹೆಗ್ಗಣಗಳಿಗೆ ಮೆದುವಾದ ಬಳುಕು ಪೈಪು ಒಂದು ರಾತ್ರಿಯ ಕೆಲಸ.

ಭೂಸಂಪರ್ಕ ಮತ್ತು ಆರ್.ಸಿ.ಸಿ.ಬಿ.

ಎಂ.ಸಿ.ಬಿ. ಇದೆ, ಇನ್ನೇನು ಭಯ ಎಂದು ಕೇಳುವವರುಂಟು. ಎಂ.ಸಿ.ಬಿ. ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. ಗ್ಯಾರೇಜಿನಲ್ಲಿ ನಿಂತ ವಾಹನದ ಮೈಗೆ ಒಳಗಿನ ದೋಷದಿಂದ ವಿದ್ಯುತ್ ತಗಲಿದೆಯೆಂದೂ, ಆ ಮೈಯನ್ನು ನೆಲದಲ್ಲಿ ಹೂತ ಕಂಬಿಯೊಂದಕ್ಕೆ ಭೂಸಂಪರ್ಕ ಮಾಡಲಾಗಿದೆಯೆಂದೂ ಇಟ್ಟುಕೊಳ್ಳಬಹುದು. ಆ ಕಂಬಿಯ ಭೂರೋಧ 10 ಓಮ್ ಆದರೆ ಅದರ ಮೂಲಕ ಹರಿಯುವ ಪ್ರವಾಹ 230ನ್ನು 10ರಿಂದ ಭಾಗಿಸಿದಾಗ ಬರುವ 23 ಆಂಪಿಯರಿಗಿಂತ ಹೆಚ್ಚಿರದು. 16 ಆಂಪಿಯರಿನ ಎಂ.ಸಿ.ಬಿ. ತನ್ನ ಮಾನದ 1.45 ಪಟ್ಟು, ಅಂದರೆ 23.2 ಆಂಪಿಯರ್ ಹರಿದಾಗ ಒಂದು ಗಂಟೆಯೊಳಗೆ ಬೀಳಬೇಕೆಂಬುದು ನಿಯಮ. 23 ಆಂಪಿಯರಿಗೆ ಆ ಖಾತರಿಯೂ ಇಲ್ಲ. ತತ್‌ಕ್ಷಣ ಬೀಳಬೇಕಾದರೆ ಸಿ ವರ್ಗದ ಎಂ.ಸಿ.ಬಿ.ಗೆ 80ರಿಂದ 160 ಆಂಪಿಯರ್ ಬೇಕು. ಅಷ್ಟು ಹೊತ್ತೂ ವಾಹನದ ಮೈ ಜೀವಂತವಾಗಿಯೇ ಇರುತ್ತದೆ. ಒದ್ದೆ ಕೈಯ, ಬರಿಗಾಲಿನ ಮನುಷ್ಯನ ದೇಹದ ರೋಧ ಸುಮಾರು 1,000 ಓಮ್ ಎಂದು ಹಿಡಿದರೆ ಅವನ ಮೂಲಕ 230 ಮಿಲಿಆಂಪಿಯರ್ ವರೆಗೆ ಹರಿಯಬಹುದು. ಹೃದಯದ ಬಡಿತವನ್ನು ಕೆಡಿಸಲು ಇದು ಧಾರಾಳವಾಗಿ ಸಾಕು, ಎಂ.ಸಿ.ಬಿ.ಗೆ ಮಾತ್ರ ಇದು ಗಮನಕ್ಕೇ ಬಾರದಷ್ಟು ಅಲ್ಪ.

ಈ ಕೊರತೆಯನ್ನು ತುಂಬುವುದು ಆರ್.ಸಿ.ಸಿ.ಬಿ. ಎಂಬ ಸೋರಿಕೆ ರಕ್ಷಕ. ಫೇಸ್ ತಂತಿಯಲ್ಲಿ ಹೋದ ಪ್ರವಾಹವೂ ನ್ಯೂಟ್ರಲ್ ತಂತಿಯಲ್ಲಿ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಹೋದದ್ದು ಪೂರ್ತಿ ಮರಳದಿದ್ದರೆ ಉಳಿದದ್ದು ಬೇರೆ ದಾರಿಯಲ್ಲಿ, ಬಹುಶಃ ಯಾರದೋ ದೇಹದ ಮೂಲಕ, ನೆಲಕ್ಕೆ ಇಳಿಯುತ್ತಿದೆ ಎಂದೇ ಅರ್ಥ. ಮನುಷ್ಯರಕ್ಷಣೆಗೆಂದು ಹಾಕುವ ಆರ್.ಸಿ.ಸಿ.ಬಿ. 30 ಮಿಲಿಆಂಪಿಯರಿನದಾಗಿರಬೇಕು, ಅಷ್ಟು ವ್ಯತ್ಯಾಸ ಕಂಡಾಗ ಅದು ಸೆಕೆಂಡಿನ ಹತ್ತನೆಯ ಮೂರು ಭಾಗದೊಳಗೆ ಮಾರ್ಗವನ್ನು ಕಡಿಯುತ್ತದೆ. ವಾಹನದ ಚಾರ್ಜರುಗಳಲ್ಲಿ ಪರ್ಯಾಯ ಪ್ರವಾಹದೊಡನೆ ಏಕಮುಖ ಪ್ರವಾಹದ ಅಂಶವೂ ಬೆರೆತು ಸೋರಬಹುದಾದ್ದರಿಂದ, ಕೊಳ್ಳುವಾಗ ಎ ವರ್ಗದ್ದೆಂದು ಕೇಳಿ ಪಡೆಯಬೇಕು, ಅಗ್ಗದ ಎ.ಸಿ. ವರ್ಗದ್ದು ಇಂಥ ಸೋರಿಕೆಯನ್ನು ಗುರುತಿಸದೆ ಹೋಗಬಹುದು. ಆರ್.ಸಿ.ಸಿ.ಬಿ.ಯು ಅಧಿಕ ಭಾರವನ್ನು ತಡೆಯುವುದಿಲ್ಲ; ಆದ್ದರಿಂದ ಎಂ.ಸಿ.ಬಿ.ಯೂ ಜೊತೆಗಿರಲೇಬೇಕು. ಗ್ಯಾರೇಜಿನ ದೀಪಕ್ಕೆ ಬೇರೆಯೇ ಮಾರ್ಗವಿದ್ದರೆ ಚಾರ್ಜರಿನ ದೋಷದಿಂದ ರಕ್ಷಕ ಬಿದ್ದಾಗ ಕತ್ತಲಲ್ಲಿ ತಡಕಾಡಬೇಕಾಗುವುದಿಲ್ಲ.

ಹಳೆಯ ಮನೆಗಳಲ್ಲಿ ಆರ್.ಸಿ.ಸಿ.ಬಿ. ಹಾಕಿದ ಮರುದಿನವೇ ಅದು ಪದೇ ಪದೇ ಬೀಳತೊಡಗುವುದುಂಟು. ಆಗ ಮನೆಯವರು ಬೇಸತ್ತು, ವೈರ್‌ಮನ್ ಬಂದು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಟ್ಟು ಹೋಗುತ್ತಾನೆ. ಇದು ಈ ಇಡೀ ವಿಷಯದಲ್ಲಿ ಅತ್ಯಂತ ಅಪಾಯಕಾರಿಯಾದ ರೂಢಿ. ರಕ್ಷಕ ಬೀಳುವುದಕ್ಕೆ ಹೆಚ್ಚಾಗಿ ಎರಡು ಕಾರಣಗಳಿರುತ್ತವೆ. ಒಂದು, ಹಿಂದೆ ಯಾರೋ ಸುಲಭವೆಂದು ಒಂದು ಮಾರ್ಗದ ಫೇಸಿಗೆ ಇನ್ನೊಂದು ಮಾರ್ಗದ ನ್ಯೂಟ್ರಲ್ಲನ್ನು ಕೂಡಿಸಿರುತ್ತಾರೆ. ಹೋಗುವ ಮತ್ತು ಬರುವ ದಾರಿಗಳು ಬೇರೆಯಾದ್ದರಿಂದ ರಕ್ಷಕಕ್ಕೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ಎಲ್ಲಿಯೋ ನಿಜವಾಗಿಯೇ ತೇವದಿಂದ ಸೋರಿಕೆಯಾಗುತ್ತಿರುತ್ತದೆ. ಎರಡೂ ಹುಡುಕಿ ಸರಿಪಡಿಸಬಹುದಾದ ದೋಷಗಳೇ. ಮೀಟರಿನಿಂದಲೇ ಹೊಸ ಫೇಸ್, ನ್ಯೂಟ್ರಲ್ ಮತ್ತು ಭೂತಂತಿ ಮೂರನ್ನೂ ಎಳೆದ ಪ್ರತ್ಯೇಕ ಮಾರ್ಗದಲ್ಲಿ ಮೊದಲನೆಯ ದೋಷ ಹುಟ್ಟುವುದೇ ಇಲ್ಲ.

ಭೂಸಂಪರ್ಕಕ್ಕಾಗಿ ನೀರಿನ ನಲ್ಲಿಯ ಪೈಪಿಗೆ ತಂತಿ ಸುತ್ತುವುದು ಹಳೆಯ ಚಾಳುಗಳಲ್ಲಿ ಇಂದಿಗೂ ಕಾಣುತ್ತದೆ. ಪೈಪಿನ ನಡುವೆ ಎಲ್ಲಿಯೋ ಒಂದು ತುಂಡನ್ನು ಬದಲಿಸಿ ಪ್ಲಾಸ್ಟಿಕ್ ಹಾಕಿದ್ದರೆ ಆ ಸಂಪರ್ಕ ನೆಲಕ್ಕೆ ಸೇರದು. ಬದಲಿಗೆ ಮೇಲಿನ ಮನೆಯ ನಲ್ಲಿ ಹಿಡಿದವರಿಗೆ ಆಘಾತ ತಗಲೀತು. ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ ಸಣ್ಣ ತುಂಡು ತಂತಿ ಕೂಡಿಸುವುದಂತೂ ಇನ್ನೂ ಘೋರ. ನ್ಯೂಟ್ರಲ್ ಎಲ್ಲಿಯಾದರೂ ಕಡಿದ ಗಳಿಗೆಯಲ್ಲಿ ಉಪಕರಣದ ಮೈಗೆ ಪೂರ್ಣ 230 ವೋಲ್ಟ್ ಬರುತ್ತದೆ.

ಮಳೆ, ನೆರೆ, ಉಪ್ಪುಗಾಳಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನ ಮಾಪನಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅಂದು ಮುಂಬಯಿಯಷ್ಟೇ ಅಲ್ಲ, ಉಲ್ಹಾಸ್ ನದಿಯ ದಂಡೆಯ ಕಲ್ಯಾಣ ಮತ್ತು ಬದ್ಲಾಪುರಗಳ ತಗ್ಗು ಪ್ರದೇಶಗಳೂ ಮುಳುಗಿದವು. 2019ರ ಜುಲೈ 27ರಂದು ಅದೇ ನದಿಯ ನೆರೆಯಲ್ಲಿ ವಾಂಗಣಿಯ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಲುಕಿ, ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ಈ ಊರುಗಳಲ್ಲಿ ನೆಲಮಟ್ಟದ ವಿದ್ಯುತ್ ಜೋಡಣೆಯನ್ನು ಯೋಜಿಸುವವನು ಗೋಡೆಯ ಮೇಲಿನ ಹಳೆಯ ನೀರಿನ ಗುರುತನ್ನು ಮೊದಲು ಹುಡುಕಬೇಕು. ಬಣ್ಣ ಬಳಿದು ಗುರುತು ಅಳಿಸಿದ್ದರೆ ಕಾವಲುಗಾರನನ್ನೋ ಹಳೆಯ ನಿವಾಸಿಗಳನ್ನೋ ಕೇಳಬೇಕು. ಸಾಕೆಟ್ಟು, ಸ್ವಿಚ್ಚು, ಸಂಧಿಪೆಟ್ಟಿಗೆ ಎಲ್ಲವೂ ಆ ಗುರುತಿಗಿಂತ ಕನಿಷ್ಠ ಒಂದು ಅಡಿ ಮೇಲಿರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳು ವಾಹನ ಚಾರ್ಜಿಂಗಿನ ಸಾಕೆಟ್ಟು ನೆಲದಿಂದ 800 ಮಿ.ಮೀ.ಗಿಂತ ಕೆಳಗಿರಬಾರದೆನ್ನುತ್ತವೆ, ಚಾರ್ಜಿಂಗಿಗೆ ಎಕ್ಸ್‌ಟೆನ್ಶನ್ ವೈರು ಬಳಸುವುದನ್ನೂ ಅವು ನಿಷೇಧಿಸಿವೆ. 800 ಮಿ.ಮೀ. ಕನಿಷ್ಠ ಮಿತಿ ಮಾತ್ರ. ನೆರೆಯ ಗುರುತು ಆಳೆತ್ತರವಿರುವ ಕಟ್ಟಡಗಳಲ್ಲಿ ಸಾಕೆಟ್ಟನ್ನು ಎಷ್ಟು ಏರಿಸಿದರೂ ಸಾಲದು. ಅಂಥಲ್ಲಿ ಗ್ಯಾರೇಜಿನ ಮಾರ್ಗವನ್ನು ಪೂರ್ತಿ ಕಡಿಯುವ ಸ್ವಿಚ್ಚು ಮೊದಲ ಮಹಡಿಯ ಮೆಟ್ಟಿಲ ಬಳಿ ಇರಬೇಕು. ನೀರು ಅಂಗಳಕ್ಕೆ ಬಂದೊಡನೆ ಯಾರು ಅದನ್ನು ಆರಿಸತಕ್ಕದ್ದೆಂದು ಸೊಸೈಟಿ ಮುಂಚೆಯೇ ಗೊತ್ತುಮಾಡಿರಬೇಕು. ನೀರು ನಿಂತ ಮೇಲೆ ಮೀಟರ್ ಕೋಣೆಗೆ ಇಳಿಯುವ ಸಾಹಸ ಯಾರೂ ಮಾಡಬಾರದು.

ಸಾಕೆಟ್ಟು ಎತ್ತರದಲ್ಲಿರಬೇಕೆಂಬುದಕ್ಕೆ ಇನ್ನೊಂದು ಕಾರಣ ಪೆಟ್ರೋಲು. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಸ್ವಿಚ್ಚಿನ ಕಿಡಿ ಆ ಮಟ್ಟದಲ್ಲಿ ಇರಬಾರದು. ಇದಕ್ಕೆ ತದ್ವಿರುದ್ಧವಾಗಿ ಇನ್ವರ್ಟರಿನ ಸೀಸದ ಬ್ಯಾಟರಿಯಿಂದ ಹೊಮ್ಮುವ ಜಲಜನಕ ಹಗುರ, ಛಾವಣಿಯಡಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗವಾದರೆ ಸಿಡಿಯಬಲ್ಲದು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಬ್ಯಾಟರಿ ಇಡುವುದಾದರೆ ಮೇಲ್ಗಡೆ ಗಾಳಿಕಿಂಡಿ ಅವಶ್ಯ.

ವಾಶಿ, ನೆರೂಳ್, ಬೇಲಾಪುರಗಳಲ್ಲಿ ಖಾಡಿಯ ಉಪ್ಪುಗಾಳಿ, ಡೊಂಬಿವಲಿಯ ಕಾರ್ಖಾನೆಗಳ ಸಮೀಪದಲ್ಲಿ ರಾಸಾಯನಿಕ ಹವೆ ಲೋಹದ ಪೆಟ್ಟಿಗೆಗಳನ್ನು ಬೇಗ ತಿನ್ನುತ್ತದೆ. ಮುಚ್ಚಳವುಳ್ಳ, ನೀರು ಹೊಗದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನೇ ಬಳಸಿ, ಪೈಪು ಕೆಳಗಿನಿಂದ ಒಳಹೊಗುವಂತೆ ಜೋಡಿಸಬೇಕು.

ಕೆಲಸ ಮತ್ತು ಪರೀಕ್ಷೆ

ಯೋಜನೆಯನ್ನು ಮನೆಯವರೇ ಮಾಡಬಹುದು. ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರನಿಂದಲೇ ಮಾಡಿಸಬೇಕೆಂದು ಕಾನೂನು ಹೇಳುತ್ತದೆ. ಕೆಲಸದ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿದರೆ ಸಾಲದು. ಮನೆಯಲ್ಲಿ ಇನ್ವರ್ಟರು ಇದ್ದರೆ ಅದರ ತಂತಿಗಳು ಆಗಲೂ ಜೀವಂತವಾಗಿರುತ್ತವೆ. ಹಳೆಯ ಜೋಡಣೆಯಲ್ಲಿ ತಂತಿಯ ಬಣ್ಣವನ್ನು ನಂಬಬಾರದು. ಕಪ್ಪು ನ್ಯೂಟ್ರಲ್, ಹಸಿರು ಭೂತಂತಿ ಎಂಬುದು ರೂಢಿಯಾದರೂ, ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನೇ ಎಳೆದವರು ಹಿಂದೆ ಬಹಳ ಮಂದಿ.

ಮುಗಿದ ಮೇಲೆ 500 ವೋಲ್ಟಿನ ಮೆಗ್ಗರಿನಿಂದ ನಿರೋಧಕ ಹೊದಿಕೆಯನ್ನು ಪರೀಕ್ಷಿಸಬೇಕು. ಫಲಿತ 1 ಮೆಗಾ ಓಮಿಗಿಂತ ಕಡಿಮೆಯಿರಬಾರದು. ಎದುರಿನಿಂದ ನೋಡಿದಾಗ ಸಾಕೆಟ್ಟಿನ ಮೇಲಿನ ದೊಡ್ಡ ತೂತು ಭೂಸಂಪರ್ಕದ್ದು, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಈ ಫಲಿತಾಂಶಗಳನ್ನು ಬರೆಯಿಸಿಕೊಂಡು, ತಂತಿ ಹಾದ ದಾರಿಯ ನಕ್ಷೆಯೊಡನೆ ಮೀಟರ್ ಕೋಣೆಯಲ್ಲಿಯೂ ಮನೆಯಲ್ಲಿಯೂ ಒಂದೊಂದು ಪ್ರತಿ ಇಡತಕ್ಕದ್ದು.

ಕೆಲಸವನ್ನು ಜೂನಿನ ಮೊದಲು ಮುಗಿಸುವುದು ಸಹಜ. ಆದರೆ ಏಪ್ರಿಲಿನ ಒಣಹವೆಯಲ್ಲಿ ಕೆಟ್ಟ ಹೊದಿಕೆಯೂ ಒಳ್ಳೆಯ ಫಲಿತವನ್ನೇ ತೋರಿಸೀತು. ಅದೇ ಮೆಗ್ಗರ್ ಪರೀಕ್ಷೆಯನ್ನು ಆಗಸ್ಟಿನಲ್ಲಿ, ಗೋಡೆಗಳು ನೀರು ಕುಡಿದಿರುವಾಗ, ಇನ್ನೊಮ್ಮೆ ಮಾಡಿಸುವಂತೆ ಗುತ್ತಿಗೆದಾರನೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಆರ್.ಸಿ.ಸಿ.ಬಿ.ಯ ಮೇಲಿನ ಪರೀಕ್ಷಾ ಗುಂಡಿಯನ್ನು ಮಾತ್ರ ಮನೆಯವರೇ ತಿಂಗಳಿಗೊಮ್ಮೆ ಒತ್ತಿ ನೋಡಬಹುದು. ಒತ್ತಿದೊಡನೆ ಅದು ಬೀಳದಿದ್ದರೆ ಅಂದು ರಾತ್ರಿ ವಾಹನವನ್ನು ಚಾರ್ಜಿಗೆ ಹಾಕಬಾರದು.